ಬೋರ್‌ವೆಲ್ ಲಾರಿ ಕರೆಯುವ ಮುನ್ನ ಒಂದು ಲೆಕ್ಕ

ಮಾರ್ಚ್ ತಿಂಗಳ ಒಂದು ರಾತ್ರಿ. ಕೋಲಾರದ ಕಡೆಯ ಯಾವುದೇ ಒಂದು ಹಳ್ಳಿಯನ್ನು ಕಲ್ಪಿಸಿಕೊಳ್ಳಿ. ಹೊಲದ ನಡುವೆ ಬೋರ್‌ವೆಲ್ ಲಾರಿ ನಿಂತಿದೆ. ಅದರ ಸದ್ದಿಗೆ ಅರ್ಧ ಊರು ಎದ್ದು ಕುಳಿತಿದೆ. ಮುನ್ನೂರು ಅಡಿ ಆಯಿತು, ಐನೂರು ಆಯಿತು, ಎಂಟುನೂರೂ ದಾಟಿತು. ಮೇಲೆ ಬರುತ್ತಿರುವುದು ಬರೀ ಕಲ್ಲಿನ ಧೂಳು. ಮನೆಯ ಯಜಮಾನ ಪ್ರತಿ ಸಲವೂ "ಇನ್ನೊಂದು ನೂರು ಹೋಗಲಿ" ಎನ್ನುತ್ತಾನೆ. ಬದುವಿನ ಮೇಲೆ ಕುಳಿತ ಮನೆಯಾಕೆ ಮಾತಾಡುವುದಿಲ್ಲ. ಮೊನ್ನೆಯವರೆಗೆ ಆಕೆಯ ಕೈಯಲ್ಲಿ ಎರಡು ಬಳೆಗಳಿದ್ದವು. ಮಹ್ರ್ ಆಗಿ ಬಂದ ಬಳೆಗಳು. ಈಗ ಅವು ಅಡವಿನ ಅಂಗಡಿಯಲ್ಲಿವೆ. ಲಾರಿ ಕೆಳಗಿಳಿಸುವ ಒಂದೊಂದು ಕೊಳವೆಯಲ್ಲೂ ಆ ಬಳೆಗಳ ಒಂದೊಂದು ಚೂರು ಹೋಗುತ್ತಿದೆ.

ಬೆಳಗಾಗುವಾಗ ನೀರು ಬಂದರೆ ಸರಿ. ಬಾರದಿದ್ದರೆ?

ಈ ಪ್ರಶ್ನೆ ಕೋಲಾರದ್ದು ಮಾತ್ರವಲ್ಲ. ಹೊಸಕೋಟೆ, ಮಾಲೂರು, ದೇವನಹಳ್ಳಿ, ದೊಡ್ಡಬಳ್ಳಾಪುರ, ಆನೇಕಲ್ ಹೀಗೆ ಬೆಂಗಳೂರಿನ ಅಂಚಿನಲ್ಲಿ ಬೇಸಗೆ ಬೆಳೆ ತೆಗೆಯುವ ಸಾವಿರಾರು ಕುಟುಂಬಗಳ ಪ್ರಶ್ನೆ. ನಗರದಲ್ಲಿ ಕುಳಿತು ಅವರು ಬೆಳೆದ ಕೊತ್ತಂಬರಿ, ಪಾಲಕ್, ಟೊಮೆಟೊ ಕೊಳ್ಳುವ ನಮ್ಮದೂ ಹೌದು. ನೀರನ್ನು ಹುಡುಕಲು ಸುರಿಯುವ ಹಣದ ಒಂದು ಪಾಲನ್ನು ಇರುವ ನೀರನ್ನು ಉಳಿಸಲು ಹಾಕಿದರೆ ಏನಾಗುತ್ತದೆ? ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ನಗರದ ಅಂಚಿನ ಸಂಕಟ

ನಗರದ ಪಕ್ಕದಲ್ಲಿ ಜಮೀನಿರುವುದು ಒಂದು ಅನುಕೂಲವೇ. ಬೆಳಿಗ್ಗೆ ಕಿತ್ತ ಸೊಪ್ಪು ಮಧ್ಯಾಹ್ನದೊಳಗೆ ಮಾರಾಟವಾಗುತ್ತದೆ. ಬೇಸಗೆಯಲ್ಲಿ ತರಕಾರಿ ಕಡಿಮೆ ಬರುವುದರಿಂದ ಬೆಲೆಯೂ ಹೆಚ್ಚು. ಆದ್ದರಿಂದ ಅರ್ಧ ಎಕರೆ ಇದ್ದವರೂ ಬೇಸಗೆ ಬೆಳೆಯ ಆಸೆ ಬಿಡುವುದಿಲ್ಲ.

ಆದರೆ ನೀರಿಗೆ ಇಲ್ಲಿ ಪೈಪೋಟಿ ಬಹಳ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೇ ಇಲ್ಲ. ಹಿಂದಿನವರು ಊರೂರಿಗೆ ಕೆರೆ ಕಟ್ಟಿ ಮಳೆ ನೀರನ್ನು ಹಿಡಿದಿಟ್ಟಿದ್ದರು. ಕೆರೆಗಳು ಹೂಳು ತುಂಬಿ, ಕಾಲುವೆಗಳು ಒತ್ತುವರಿಯಾಗಿ, ಎಲ್ಲರೂ ಕೊಳವೆ ಬಾವಿಯ ಕಡೆ ತಿರುಗಿದರು. ಇಂದು ಸಾವಿರ ಅಡಿ ದಾಟಿದ ಕೊಳವೆ ಬಾವಿಗಳು ಅಲ್ಲಿ ಸಾಮಾನ್ಯ. ಇಷ್ಟು ಆಳದ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಅಂಶ ಹೆಚ್ಚಿರುತ್ತದೆ. ಮಕ್ಕಳ ಹಲ್ಲು ಹಳದಿಗಟ್ಟುವುದಕ್ಕೆ, ದೊಡ್ಡವರ ಮೂಳೆ ನೋಯುವುದಕ್ಕೆ ಇದೂ ಒಂದು ಕಾರಣ.

ಮಳೆಯ ರೀತಿಯೂ ಬದಲಾಗಿದೆ. ವಾರಗಟ್ಟಲೆ ಒಣಹವೆ, ನಂತರ ಒಂದೇ ದಿನ ಧಾರಾಕಾರ ಮಳೆ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರಕಾರ ಘೋಷಿಸಿತು. ಮರು ವರ್ಷದ ಬೇಸಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆ ಬಾವಿಗಳು ಬತ್ತಿ, ಮಹಾನಗರದ ಜನ ಕೊಡ ಹಿಡಿದು ಟ್ಯಾಂಕರ್ ಹಿಂದೆ ನಿಂತದ್ದನ್ನು ನಾವೆಲ್ಲ ನೋಡಿದ್ದೇವೆ. ಆ ಟ್ಯಾಂಕರುಗಳು ನೀರು ತುಂಬಿಸಿಕೊಳ್ಳುವುದು ಎಷ್ಟೋ ಸಲ ಅಂಚಿನ ಹಳ್ಳಿಗಳ ಬಾವಿಗಳಿಂದಲೇ!

ಬಿಸಿಲಿನ ಏಟು ಬೇರೆ. ಹಗಲಿನ ಉಷ್ಣಾಂಶ 35 ಡಿಗ್ರಿ ದಾಟಿದರೆ ಟೊಮೆಟೊ ಹೂವು ಕಾಯಿಕಟ್ಟದೆ ಉದುರುತ್ತದೆ. ಎಲೆ ಮುದುಡು ರೋಗ ಹರಡುವ ಬಿಳಿ ನೊಣಕ್ಕೂ ಒಣಹವೆಯೇ ಇಷ್ಟ. 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿದ್ದು ನೆನಪಿರಬಹುದು. ಬೆಳೆ ಕೆಟ್ಟು ಮಾಲು ಕಡಿಮೆ ಬಂದದ್ದೇ ಅದಕ್ಕೆ ಮುಖ್ಯ ಕಾರಣ. ಅದೇ ಟೊಮೆಟೊವನ್ನು ಬೆಲೆಯಿಲ್ಲದೆ ರಸ್ತೆಗೆ ಸುರಿದ ವರ್ಷಗಳೂ ಇವೆ.

ಬೆರಳೆಣಿಕೆಯ ಲೆಕ್ಕ

ಒಂದು ಸರಳ ಲೆಕ್ಕ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ನೀರು ಎಂದರೆ ಸರಿಯಾಗಿ ಒಂದು ಲೀಟರ್. ಒಂದು ಎಕರೆಯಲ್ಲಿ ಸುಮಾರು 4,000 ಚದರ ಮೀಟರ್ ಇದೆ.

ಏಪ್ರಿಲ್ ತಿಂಗಳ ಬಿಸಿಲು ಈ ಭಾಗದಲ್ಲಿ ತೆರೆದ ಪಾತ್ರೆಯಿಂದ ದಿನಕ್ಕೆ ಸುಮಾರು 6 ಮಿಲಿಮೀಟರ್ ನೀರನ್ನು ಹೀರಬಲ್ಲದು. ಇಡೀ ಎಕರೆಯನ್ನು ಹಾಯಿನೀರಿನಿಂದ ತೋಯಿಸಿ ಇಟ್ಟರೆ ದಿನಕ್ಕೆ 24,000 ಲೀಟರ್‌ವರೆಗೂ ಬಿಸಿಲಿನ ಪಾಲಾಗಬಹುದು. ಇದರಲ್ಲಿ ಗಿಡ ಕುಡಿದದ್ದೆಷ್ಟು, ಸಾಲುಗಳ ನಡುವಿನ ಬರಿಯ ಮಣ್ಣಿನಿಂದ ಆವಿಯಾದದ್ದೆಷ್ಟು? ಗಿಡ ಎಳೆಯದಾಗಿರುವಾಗ ಬಹುಪಾಲು ಹೋಗುವುದು ಬರಿಯ ಮಣ್ಣಿನಿಂದಲೇ. ಎಂದರೆ ಬಳೆ ಅಡವಿಟ್ಟು ತೆಗೆದ ನೀರು ಗಿಡದ ಬೇರಿಗೆ ಸೇರದೆ ಗಾಳಿಗೆ ಹೋಗುತ್ತಿದೆ.

ಈಗ ಮಳೆಯ ಲೆಕ್ಕ ನೋಡಿ. ವರ್ಷಕ್ಕೆ 700 ಮಿಲಿಮೀಟರ್ ಮಳೆಯಾದರೆ ಒಂದು ಎಕರೆಯ ಮೇಲೆ ಬೀಳುವ ನೀರು ಸುಮಾರು 28 ಲಕ್ಷ ಲೀಟರ್! ಅದರಲ್ಲಿ ಒಂದು ಪಾಲು ಒಂದೆರಡು ಬಿರುಮಳೆಯಲ್ಲಿ ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಹಳ್ಳ ಸೇರುತ್ತದೆ. ಹಾಗಾದರೆ ಮಾಡಬೇಕಾದ ಕೆಲಸ ಎರಡೇ. ಆವಿಯಾಗುವ ನೀರನ್ನು ತಡೆಯುವುದು, ಹರಿದು ಹೋಗುವ ನೀರನ್ನು ಹಿಡಿಯುವುದು. ಹವಾಮಾನಕ್ಕೆ ಹೊಂದುವ ತಂತ್ರಜ್ಞಾನ ಎಂದು ಇಂದು ದೊಡ್ಡ ಹೆಸರಿನಿಂದ ಹೇಳುವುದರಲ್ಲಿ ಹೆಚ್ಚಿನದು ಈ ಎರಡು ಕೆಲಸಗಳೇ.

ಹನಿ, ಹೊದಿಕೆ, ನೆರಳು

ಹನಿ ನೀರಾವರಿ ನಮಗೆ ಹೊಸದಲ್ಲ. ಗಂಟೆಗೆ 2 ಅಥವಾ 4 ಲೀಟರಿನಂತೆ ನೀರು ಗಿಡದ ಬುಡಕ್ಕೆ ತೊಟ್ಟಿಕ್ಕುತ್ತದೆ. ಹಾಯಿನೀರಿಗೆ ಹೋಲಿಸಿದರೆ ಮೂರನೇ ಒಂದರಿಂದ ಅರ್ಧದಷ್ಟು ನೀರು ಉಳಿಯುತ್ತದೆ. ಗೊಬ್ಬರವನ್ನೂ ನೀರಿನಲ್ಲಿ ಕರಗಿಸಿ ಕೊಳವೆಯಲ್ಲೇ ಕೊಡಬಹುದು. ಇದಕ್ಕೆ ರಸಾವರಿ ಎನ್ನುತ್ತಾರೆ. ಸಾಲುಗಳ ನಡುವೆ ಮಣ್ಣು ಒಣಗಿರುವುದರಿಂದ ಕಳೆ ಕಡಿಮೆ. ಕಳೆ ಕೀಳುವುದು ಯಾರ ಕೆಲಸ ಎಂದು ಹೇಳಬೇಕಾಗಿಲ್ಲ. ಬಗ್ಗಿ ಬಗ್ಗಿ ಸೊಂಟ ನೋಯಿಸಿಕೊಂಡ ಹೆಂಗಸರಿಗೆ ಇದೊಂದು ದೊಡ್ಡ ಬಿಡುಗಡೆ.

ಆದರೆ ಪೈಪು ಹಾಕಿದೊಡನೆ ಕೆಲಸ ಮುಗಿಯಲಿಲ್ಲ. ಆಳದ ನೀರಿನ ಉಪ್ಪಿನಂಶ ತೂತುಗಳಲ್ಲಿ ಗಟ್ಟಿಯಾಗಿ ಕೂರುತ್ತದೆ. ಫಿಲ್ಟರನ್ನು ಆಗಾಗ ತೊಳೆಯಬೇಕು. ಕೊಳವೆಯ ಕೊನೆಯ ಮುಚ್ಚಳ ತೆಗೆದು ಕೆಸರು ಹೊರಬಿಡಬೇಕು. ಇಲಿ, ಅಳಿಲು ಕಚ್ಚಿದ ಕಡೆ ಜೋಡಿಸಬೇಕು. ಎಷ್ಟೋ ಹೊಲಗಳಲ್ಲಿ ಹನಿ ಪೈಪು ಮೂಲೆಯಲ್ಲಿ ಸುರುಳಿಯಾಗಿ ಬಿದ್ದಿರಲು ಇದೇ ಕಾರಣ. ಇದರ ತರಬೇತಿಯನ್ನು ಗಂಡಸರಿಗೆ ಮಾತ್ರ ಕೊಟ್ಟು, ದಿನವೂ ಹೊಲದಲ್ಲಿರುವ ಹೆಂಗಸರನ್ನು ಮರೆಯುವುದು ದೊಡ್ಡ ತಪ್ಪು.

ಹನಿಯ ಜೊತೆಗೆ ಹೊದಿಕೆ ಬೇಕು. ಗಿಡದ ಸುತ್ತ ಮಣ್ಣು ಕಾಣದಂತೆ ಹುಲ್ಲು, ತರಗೆಲೆ, ತೆಂಗಿನ ಸಿಪ್ಪೆ, ಕಬ್ಬಿನ ರವದಿ ಏನಾದರೂ ಹಾಸಬಹುದು. ತರಕಾರಿ ಬೆಳೆಯುವವರು ಈಗ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಅದು ಒಳ್ಳೆಯ ಕೆಲಸವನ್ನೇ ಮಾಡುತ್ತದೆ. ಆದರೆ ಬೆಳೆ ಮುಗಿದ ಮೇಲೆ ಹರಿದ ಹಾಳೆಯನ್ನು ಪೂರ್ತಿ ತೆಗೆಯದಿದ್ದರೆ ಆ ಚೂರುಗಳು ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತವೆ. ದನ ಮೇಯುವ ಜಾಗದಲ್ಲಂತೂ ಬಹಳ ಅಪಾಯ. ಹುಲ್ಲು ಹೊದಿಕೆ ಕೊಳೆತು ಗೊಬ್ಬರವಾಗುತ್ತದೆ. ಮನೆಯಲ್ಲಿ ಹಸು ಇದ್ದರೆ ಹುಲ್ಲು ಉಳಿಯುವುದಿಲ್ಲ ಎಂಬುದೂ ನಿಜ. ಅನುಕೂಲ ನೋಡಿ ಆರಿಸಬೇಕು.

ಮೂರನೆಯದು ನೆರಳು. ಅರ್ಧ ಬಿಸಿಲು ತಡೆಯುವ ಹಸಿರು ಪರದೆಯ ಕೆಳಗೆ ಕೊತ್ತಂಬರಿ, ಪಾಲಕ್, ಸಸಿಮಡಿ ಬೇಸಗೆಯಲ್ಲೂ ಬಾಡದೆ ನಿಲ್ಲುತ್ತವೆ. ತರಕಾರಿ ಸಸಿಗಳನ್ನು ಹೊಲದ ಮಡಿಯ ಬದಲು ತೆಂಗಿನ ನಾರಿನ ಪುಡಿ ತುಂಬಿದ ಗುಳಿ ತಟ್ಟೆಗಳಲ್ಲಿ ಬೆಳೆಸುವ ಪದ್ಧತಿ ಈ ಭಾಗದಲ್ಲಿ ಚೆನ್ನಾಗಿ ಬೇರೂರಿದೆ. ಒಂದು ತಟ್ಟೆಯಲ್ಲಿ 98 ಸಸಿ. ಸಸಿ ಎಳೆಯದಾಗಿರುವ ಮೂರು ನಾಲ್ಕು ವಾರ ಇಡೀ ಹೊಲಕ್ಕೆ ನೀರು ಹಾಯಿಸುವ ಅಗತ್ಯವೇ ಇಲ್ಲ. ಕೂತು ಮಾಡುವ ಕೆಲಸವಾದ್ದರಿಂದ ಇಂಥ ನರ್ಸರಿಗಳಲ್ಲಿ ಹೆಚ್ಚಾಗಿ ದುಡಿಯುವವರು ಹೆಂಗಸರೇ. ಮನೆಯ ಹಿಂದೆ ಸಣ್ಣ ಜಾಗವಿದ್ದರೆ ಸ್ವಸಹಾಯ ಗುಂಪಿನವರು ಸೇರಿ ತಾವೇ ನಡೆಸಬಹುದಾದ ಉದ್ಯೋಗವಿದು.

ತಳಿಯ ಆಯ್ಕೆಯೂ ನೀರಿನ ಉಳಿತಾಯವೇ. ರೋಗ ಬಂದು ಗಿಡ ಒಣಗಿದರೆ ಅದಕ್ಕೆ ಅಲ್ಲಿಯವರೆಗೆ ಕೊಟ್ಟ ನೀರೆಲ್ಲ ವ್ಯರ್ಥ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಅರ್ಕಾ ರಕ್ಷಕ್ ಟೊಮೆಟೊ ಎಲೆ ಮುದುಡು, ದುಂಡಾಣು ಸೊರಗು, ಎಲೆ ಅಂಗಮಾರಿ ಈ ಮೂರೂ ರೋಗಗಳನ್ನು ತಡೆಯುವಂತೆ ಬೆಳೆಸಿದ ತಳಿ.

ಮಳೆಗೊಂದು ಮನೆ

ಕೃಷಿ ಹೊಂಡದ ವಿಷಯ ಬಹಳ ಮಂದಿ ಕೇಳಿರುತ್ತೀರಿ. ರಾಜ್ಯ ಸರಕಾರ 2014ರಲ್ಲಿ ಕೃಷಿ ಭಾಗ್ಯ ಯೋಜನೆ ಆರಂಭಿಸಿದ ನಂತರ ಒಣಭೂಮಿಯ ಹಲವೆಡೆ ಹೊಂಡಗಳಾದವು. ಹೊಲದ ತಗ್ಗಿನಲ್ಲಿ 10 ಮೀಟರ್ ಉದ್ದ, 10 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ ತೆಗೆದರೆ, ಬದಿ ಇಳಿಜಾರಾಗಿರುವುದರಿಂದ 3 ಲಕ್ಷ ಲೀಟರಿಗಿಂತ ಕಡಿಮೆ ನೀರು ನಿಲ್ಲುತ್ತದೆ. ತಳಕ್ಕೆ ಹಾಳೆ ಹಾಸಿದರೆ ಇಂಗುವುದಿಲ್ಲ. ಮೇಲೆ ನೆರಳು ಪರದೆ ಕಟ್ಟಿದರೆ ಆವಿಯಾಗುವುದು ತಗ್ಗುತ್ತದೆ. ಮಳೆಗಾಲದ ಕೊನೆಯಲ್ಲಿ ತುಂಬಿದ ಒಂದು ಹೊಂಡ, ಹನಿ ನೀರಾವರಿಯ ಜೊತೆಗೂಡಿದರೆ ಕಾಲೆಕರೆ ತರಕಾರಿಯನ್ನು ಬಹಳ ದಿನ ಕಾಪಾಡಬಲ್ಲದು. ಕೊಳವೆ ಬಾವಿ ಇದ್ದವರು ಅದರ ಸುತ್ತ ಗುಂಡಿ ತೋಡಿ, ದಪ್ಪ ಕಲ್ಲು, ಜಲ್ಲಿ, ಮರಳು ತುಂಬಿ, ಹರಿದು ಬರುವ ಮಳೆ ನೀರನ್ನು ಸೋಸಿ ಇಂಗಿಸಬಹುದು.

ತಾಯಂದಿರಿಗೆ ಇಲ್ಲಿ ಒಂದು ಎಚ್ಚರಿಕೆಯ ಮಾತು. ಹಾಳೆ ಹಾಸಿದ ಹೊಂಡದ ಬದಿ ಬಹಳ ಜಾರುತ್ತದೆ. ಈಜು ಬಲ್ಲವರಿಗೂ ಹತ್ತಿ ಬರುವುದು ಕಷ್ಟ. ಕೃಷಿ ಹೊಂಡಕ್ಕೆ ಬಿದ್ದು ಮಕ್ಕಳು ಪ್ರಾಣ ಕಳೆದುಕೊಂಡ ಸುದ್ದಿಗಳು ಪ್ರತಿ ವರ್ಷ ಬರುತ್ತವೆ. ಬೇಲಿಯಿಲ್ಲದೆ ಹೊಂಡ ಬೇಡ. ಒಳಗೆ ಇಳಿಬಿಟ್ಟ ಗಂಟು ಹಾಕಿದ ಹಗ್ಗವೋ ಹಳೆಯ ಟೈರೋ ಇರಲೇಬೇಕು.

ಬಿಸಿಲಿನ ಪಂಪು

ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ ಉಚಿತ. ಆದರೆ ಕರೆಂಟು ಎಷ್ಟೋ ಸಲ ರಾತ್ರಿ ಬರುತ್ತದೆ. ಮನೆಯವರು ಹಾವು ಚೇಳುಗಳ ನಡುವೆ ಟಾರ್ಚ್ ಹಿಡಿದು ಹೋಗಬೇಕು. ಇಲ್ಲದಿದ್ದರೆ ಸ್ವಿಚ್ ಹಾಕಿಯೇ ಬಿಟ್ಟು, ನೀರು ಬೇಕಾದರೂ ಬೇಡವಾದರೂ ಹರಿಯುತ್ತಿರುತ್ತದೆ. ಸೌರ ಪಂಪು ಬಂದರೆ ಹಗಲಲ್ಲೇ ನೀರು ಬಿಡಬಹುದು. ಹೆಂಗಸರಿಗೂ ನಿಶ್ಚಿಂತೆ. ಕೇಂದ್ರ ಸರಕಾರದ ಪಿಎಂ ಕುಸುಮ್ ಯೋಜನೆ 2019ರಲ್ಲಿ ಇದಕ್ಕೆಂದೇ ಆರಂಭವಾಯಿತು.

ಇಲ್ಲೂ ಒಂದು ಮಾತು ಮರೆಯಬಾರದು. ಬಿಸಿಲಿಗೆ ಬಿಲ್ ಇಲ್ಲ ಎಂದು ಇಡೀ ದಿನ ಪಂಪು ಓಡಿಸಿದರೆ ಅಂತರ್ಜಲ ಇನ್ನೂ ಬೇಗ ಖಾಲಿಯಾಗುತ್ತದೆ. ಗುಜರಾತಿನ ಢುಂಡಿ ಎಂಬ ಹಳ್ಳಿಯ ರೈತರು 2016ರಲ್ಲಿ ಇದಕ್ಕೊಂದು ಉಪಾಯ ಕಂಡುಕೊಂಡರು. ಸೌರ ಪಂಪು ಇದ್ದವರು ಸಹಕಾರ ಸಂಘ ಕಟ್ಟಿ, ನೀರೆತ್ತಿ ಉಳಿದ ವಿದ್ಯುತ್ತನ್ನು ವಿದ್ಯುತ್ ಕಂಪೆನಿಗೆ ಮಾರತೊಡಗಿದರು. ನೀರೆತ್ತದಿದ್ದರೂ ಆದಾಯ ಬರುವಾಗ ಯಾರು ಸುಮ್ಮನೆ ನೀರು ಹರಿಸುತ್ತಾರೆ?

ಉಳಿದ ನೀರು ಎಲ್ಲಿಗೆ ಹೋಯಿತು?

ಹನಿ ನೀರಾವರಿಯ ಬಗ್ಗೆಯೂ ಇದೇ ಪ್ರಶ್ನೆ ಕೇಳಬೇಕು. ಅರ್ಧ ನೀರು ಉಳಿಯಿತು ಎಂದು ನಾವು ಮಾಡುವುದೇನು? ಮರು ವರ್ಷ ಅರ್ಧ ಎಕರೆಯನ್ನು ಒಂದು ಎಕರೆ ಮಾಡುತ್ತೇವೆ! ಬಾವಿಯಿಂದ ತೆಗೆದ ನೀರು ಅಷ್ಟೇ. ಬಾವಿ ಬತ್ತುವುದೂ ಅಷ್ಟೇ ಬೇಗ. ದುಂದು ಮಾಡಬಾರದು ಎಂದು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ಆದರೆ ಉಳಿಸಿದ್ದನ್ನು ಉಳಿಸಿಯೇ ಇಡಬೇಕು ಎಂಬ ಪಾಠದ ಇನ್ನೊಂದು ಅರ್ಧವನ್ನು ನಾವು ಮರೆಯುತ್ತೇವೆ. ಯಂತ್ರ ಎಷ್ಟೇ ಒಳ್ಳೆಯದಾದರೂ ಲೆಕ್ಕವಿಲ್ಲದ ಮನೆಗೆ ಅದರಿಂದ ಬರಕತ್ ಸಿಗದು.

ಕೋಲಾರದ ನೆರೆಯ ಆಂಧ್ರದಲ್ಲಿ ಇದಕ್ಕೊಂದು ಒಳ್ಳೆಯ ಉದಾಹರಣೆಯಿದೆ. 2000ದ ದಶಕದಲ್ಲಿ ಚಿತ್ತೂರು, ಅನಂತಪುರ ಸೇರಿದಂತೆ ಅವಿಭಜಿತ ಆಂಧ್ರದ ಏಳು ಬರಪೀಡಿತ ಜಿಲ್ಲೆಗಳಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಬೆಂಬಲದಿಂದ ರೈತರೇ ಅಂತರ್ಜಲವನ್ನು ಅಳೆಯುವ ಕೆಲಸ ನಡೆಯಿತು. ಹಳ್ಳಿಯ ಗಂಡಸರು ಹೆಂಗಸರು ಕಲಿತು, ಬಾವಿಯ ನೀರಿನ ಮಟ್ಟವನ್ನೂ ಬಿದ್ದ ಮಳೆಯನ್ನೂ ತಾವೇ ಅಳೆದು ಊರಿನ ಗೋಡೆಯ ಮೇಲೆ ಬರೆದರು. ಹಿಂಗಾರು ಬಿತ್ತುವ ಮುನ್ನ ಎಲ್ಲರೂ ಕುಳಿತು, ಈ ವರ್ಷ ನೆಲದಡಿ ಎಷ್ಟು ನೀರಿದೆ, ಯಾವ ಬೆಳೆ ಎಷ್ಟು ಕುಡಿಯುತ್ತದೆ ಎಂದು ಲೆಕ್ಕ ಹಾಕಿದರು. ಭತ್ತ ಬಿಡಿ ಎಂದು ಯಾರೂ ಆಜ್ಞೆ ಮಾಡಲಿಲ್ಲ. ಲೆಕ್ಕ ಕಣ್ಣೆದುರು ಇದ್ದಾಗ ಹಲವರು ತಾವಾಗಿಯೇ ಕಡಿಮೆ ನೀರಿನ ಬೆಳೆಗೆ ಹೋದರು. 2019ರ ಕೊನೆಯಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆಯಲ್ಲೂ, ಕರ್ನಾಟಕ ಸೇರಿದ ಏಳು ರಾಜ್ಯಗಳಲ್ಲಿ, ಪಂಚಾಯತ್ ಮಟ್ಟದಲ್ಲಿ ಇಂಥದೇ ನೀರಿನ ಆಯವ್ಯಯ ತಯಾರಿಸುವ ಕೆಲಸ ಬಂದಿತು. ಮನೆಯ ತಿಂಗಳ ಖರ್ಚನ್ನು ಬರೆದಿಟ್ಟು ನಡೆಸುವ ಹೆಂಗಸರಿಗೆ ಈ ಲೆಕ್ಕ ಕಷ್ಟವೇನಲ್ಲ.

ನಗರ ಬಿಟ್ಟ ನೀರು

ನಗರದ ಅಂಚಿನಲ್ಲಿ ಇನ್ನೊಂದು ನೀರಿದೆ. ಅದು ಬೇಸಗೆಯಲ್ಲೂ ಬತ್ತುವುದಿಲ್ಲ. ನಾವು ಸ್ನಾನ ಮಾಡಿ, ಪಾತ್ರೆ ತೊಳೆದು ಬಿಟ್ಟ ನೀರದು.

ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಯಿತು. ದಿನಕ್ಕೆ 44 ಕೋಟಿ ಲೀಟರ್ ಅದರ ಗುರಿ. ಆರಂಭದ ದಿನಗಳಲ್ಲೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡು ಜನ ಗಾಬರಿಯಾದರು. ವಿಷಯ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಯಿತು. ತಡೆ ಬಂದು, ತೆರವಾಗಿ, ಯೋಜನೆ ಮುಂದುವರಿಯಿತು. ಕೆರೆ ತುಂಬಿದ ಕಡೆ ಬತ್ತಿದ್ದ ಬಾವಿಗಳಲ್ಲಿ ನೀರು ಕಂಡಿದೆ ಎಂಬುದು ನಿಜ. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕು ಎಂಬ ಬೇಡಿಕೆಯೂ ಅಷ್ಟೇ ನ್ಯಾಯವಾದದ್ದು. ಈ ನೀರು ಕೆರೆಯಲ್ಲಿ ನಿಂತು ಇಂಗಲು ಬಂದದ್ದು. ಕೆರೆಗೇ ಪಂಪಿಟ್ಟು ನೇರವಾಗಿ ಸೊಪ್ಪಿಗೆ ಹಾಯಿಸಲು ಅಲ್ಲ.

ಬೆಂಗಳೂರಿನ ಇನ್ನೊಂದು ದಿಕ್ಕಿನ ಸ್ಥಿತಿ ಬೇರೆ. ವೃಷಭಾವತಿ ನದಿ ನಗರದ ಮತ್ತು ಕಾರ್ಖಾನೆಗಳ ಕೊಳೆಯನ್ನು ಹೊತ್ತು ಬಿಡದಿ ಬಳಿಯ ಬೈರಮಂಗಲ ಕೆರೆಗೆ ಸೇರುತ್ತದೆ. ಆ ನೀರಿನಲ್ಲಿ ಬೆಳೆದ ಬೆಳೆಗಳಲ್ಲಿ ಭಾರ ಲೋಹಗಳ ಅಂಶ ಕಂಡಿರುವುದನ್ನು ಸಂಶೋಧಕರು ಹೇಳುತ್ತಲೇ ಬಂದಿದ್ದಾರೆ. ಕೊಳೆ ನೀರಿನ ರೋಗಾಣುಗಳನ್ನು ತಡೆಯಲು ದಾರಿಗಳಿವೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ನೀರನ್ನು ಎಲೆಗೆ ತಾಗದಂತೆ ಹನಿಯಲ್ಲಿ ಕೊಡುವುದು, ಕೊಯ್ಲಿಗೆ ಕೆಲವು ದಿನ ಮೊದಲೇ ಆ ನೀರು ನಿಲ್ಲಿಸುವುದು, ಮನೆಯಲ್ಲಿ ಚೆನ್ನಾಗಿ ತೊಳೆದು ಬೇಯಿಸುವುದು ಎಲ್ಲ ಸೇರಿ ಅಪಾಯವನ್ನು ತಗ್ಗಿಸುತ್ತವೆ. ಆದರೆ ಗಿಡದೊಳಗೆ ಸೇರಿದ ಸೀಸ, ಕ್ಯಾಡ್ಮಿಯಂ ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ. ಅದನ್ನು ಕಾರ್ಖಾನೆಯ ಬಾಗಿಲಲ್ಲೇ ತಡೆಯಬೇಕು. ಇದು ರೈತನೊಬ್ಬನಿಂದಾಗುವ ಕೆಲಸವಲ್ಲ. ನಗರದ ನಾವೂ ದನಿ ಎತ್ತಬೇಕು.

ನಮ್ಮ ಅಂಗಳದಲ್ಲಿ

ಹೊಲ ಇಲ್ಲದವರೂ ಒಂದು ಪ್ರಯೋಗ ಮಾಡಿ ನೋಡಬಹುದು. ಮೆರುಗು ಬಳಿಯದ ಮಣ್ಣಿನ ಮಡಕೆಯೊಂದನ್ನು ಕುತ್ತಿಗೆ ಮಾತ್ರ ಮೇಲೆ ಕಾಣುವಂತೆ ಅಂಗಳದಲ್ಲಿ ಹೂಳಿ. ಸುತ್ತ ಒಂದಡಿಯೊಳಗೆ ಬದನೆ, ಮೆಣಸು, ಟೊಮೆಟೊದ ನಾಲ್ಕು ಸಸಿ ನೆಡಿ. ಮಡಕೆಗೆ ನೀರು ತುಂಬಿ, ಸೊಳ್ಳೆ ಮೊಟ್ಟೆಯಿಡದಂತೆ ಬಿಗಿಯಾಗಿ ಮುಚ್ಚಿ. ಮಣ್ಣು ಒಣಗಿದಷ್ಟೂ ನೀರು ಮಡಕೆಯ ಗೋಡೆಯಿಂದ ಜಿನುಗುತ್ತದೆ, ತೇವವಿದ್ದರೆ ನಿಧಾನವಾಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ತುಂಬಿದರೆ ಸಾಕು. ವುಝೂ ಮಾಡಿದ ನೀರಿನಲ್ಲಿ ಸಾಬೂನು ಇರುವುದಿಲ್ಲ. ಒಂದು ಬೋಗುಣಿಯಲ್ಲಿ ಹಿಡಿದಿಟ್ಟರೆ ಐದು ಹೊತ್ತಿನ ನೀರು ಮಡಕೆ ತುಂಬಲು ಸಾಕಾಗುತ್ತದೆ. ಮಕ್ಕಳಿಗೆ ನೀರಿನ ಬೆಲೆ ತಿಳಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಆ ರಾತ್ರಿಗೆ ಮುನ್ನ

ಈಗ ಬದುವಿನ ಮೇಲೆ ಕುಳಿತ ಆ ತಾಯಿಯ ಬಳಿಗೆ ಮರಳೋಣ. ಲಾರಿ ಬರುವ ಮುನ್ನ, ಬಳೆ ಬಿಚ್ಚುವ ಮುನ್ನ, ಆಕೆ ಮನೆಯವರನ್ನು ಕೂರಿಸಿ ಕೆಲವು ಪ್ರಶ್ನೆ ಕೇಳಬಹುದಿತ್ತು. ಬಳೆ ಆಕೆಯದೇ. ಕೇಳುವ ಹಕ್ಕು ಆಕೆಗಿದೆ.

ಇರುವ ಬಾವಿಯಲ್ಲಿ ನೀರಿನ ಮಟ್ಟ ಎಷ್ಟಿದೆ, ಅಳೆದಿದ್ದೀರಾ? ಪಕ್ಕದ ಹೊಲದಲ್ಲಿ ಈ ವರ್ಷ ಕೊರೆದ ಬಾವಿಗೆ ಏನಾಯಿತು? ಹೊಲಕ್ಕೆ ಹನಿ ಮತ್ತು ಹೊದಿಕೆ ಹಾಕಿ ಅರ್ಧ ಎಕರೆ ಮಾತ್ರ ಬೆಳೆದರೆ ಇರುವ ನೀರು ಸಾಲದೇ? ಕೆಲವು ಲಕ್ಷ ನುಂಗುವ ಹೊಸ ಬಾವಿಯ ಹಣದಲ್ಲಿ ಒಂದು ಹೊಂಡ, ಬೇಲಿ, ಪರದೆ ಎಲ್ಲ ಆಗುವುದಿಲ್ಲವೇ? ಬೇಸಗೆಗೆ ಟೊಮೆಟೊನೇ ಏಕೆ, ನುಗ್ಗೆಯೋ ಕರಿಬೇವೋ ಆಗದೇ?

ಹನಿ ನೀರಾವರಿಗೆ ರಾಜ್ಯದಲ್ಲಿ ಸಣ್ಣ ರೈತರಿಗೆ ದೊಡ್ಡ ಪ್ರಮಾಣದ ಸಹಾಯಧನ ಸಿಗುತ್ತಾ ಬಂದಿದೆ. ನಿಯಮಗಳು ಆಗಾಗ ಬದಲಾಗುವುದರಿಂದ ತಾಲೂಕಿನ ತೋಟಗಾರಿಕೆ ಇಲಾಖೆ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಯೇ ಮುಂದುವರಿಯಿರಿ. ಸಾಮಾನ್ಯವಾಗಿ ಅರ್ಜಿ ಹಾಕಬಹುದಾದದ್ದು ಪಹಣಿಯಲ್ಲಿ ಹೆಸರಿರುವವರು. ದಿನವಿಡೀ ದುಡಿಯುವ ಹೆಂಗಸಿನ ಹೆಸರು ಅಲ್ಲಿರುವುದು ಎಷ್ಟು ಮನೆಗಳಲ್ಲಿ? ತವರಿನ ಆಸ್ತಿಯಲ್ಲಿ ಮಗಳಿಗೆ ಪಾಲಿದೆ ಎಂದು ಭಾಷಣದಲ್ಲಿ ಹೇಳುವ ನಾವು ಅದನ್ನು ದಾಖಲೆಯಲ್ಲೂ ತರಬೇಡವೇ? ಹೆಸರಿದ್ದರೆ ಸಹಾಯಧನವೂ ಆಕೆಗೆ, ತರಬೇತಿಯೂ ಆಕೆಗೆ, ನೀರಿನ ನಿರ್ಧಾರದಲ್ಲಿ ಮಾತೂ ಆಕೆಗೆ.

ಮುಂದಿನ ಬೇಸಗೆ ಬಂದೇ ಬರುತ್ತದೆ. ಬೋರ್‌ವೆಲ್ ಲಾರಿಗೆ ಫೋನು ಮಾಡುವುದು ಒಂದು ನಿಮಿಷದ ಕೆಲಸ. ಅದಕ್ಕೆ ಮೊದಲು ಒಂದು ಸಂಜೆ ಮನೆಯವರೆಲ್ಲ ಕುಳಿತು ಈ ಲೆಕ್ಕ ಹಾಕಲಿ. ಆ ಸಂಜೆ ಮನೆಯಾಕೆಯ ಕೈಯಲ್ಲಿ ಬಳೆಗಳಿನ್ನೂ ಇರಲಿ.